ಒಂದೇ ಒಲೆ, ಮೂರು ಪ್ರಯಾರಿಟಿ

ಪ್ರೋಸೆಸ್ ಮ್ಯಾನೇಜರ್‌ಗೆ (ಓಡುವ ಪ್ರೋಗ್ರಾಮ್‌ಗಳನ್ನು, ಅಂದರೆ ಪ್ರೋಸೆಸ್‌ಗಳನ್ನು, ನೋಡಿಕೊಳ್ಳುವ ಸಾಫ್ಟ್‌ವೇರ್) ಹೊಸ ಅಪ್‌ಡೇಟ್ ಬಂದರೆ ನಾನು ಮೊದಲು ಓದುವುದು ಬಗ್ ಫಿಕ್ಸ್‌ಗಳ ಪಟ್ಟಿ. ಎಲ್ಲ ಸಾಲೂ ‘ಅಪರೂಪದ ಸಂದರ್ಭದಲ್ಲಿ’ ಎಂದೇ ಶುರು. ಅಪರೂಪದ ಸಂದರ್ಭದಲ್ಲಿ ಸತ್ತ ಪ್ರೋಸೆಸ್‌ನ ಹೆಸರು ಪಟ್ಟಿಯಲ್ಲೇ ಉಳಿಯುತ್ತಿತ್ತು, ಸರಿಪಡಿಸಿದ್ದೇವೆ. ಅಪರೂಪದ ಸಂದರ್ಭದಲ್ಲಿ ಥ್ರೆಡ್ (ಪ್ರೋಸೆಸ್ ಒಳಗಿನ ಕೆಲಸದ ಒಂದು ಎಳೆ) ನಿದ್ದೆಯಿಂದ ಏಳುತ್ತಲೇ ಇರಲಿಲ್ಲ, ಸರಿಪಡಿಸಿದ್ದೇವೆ. ಈ ಅಪರೂಪ ಎಂಥದ್ದು ಅಂದರೆ, ಪುಣೆ ಹಿಂಜವಡಿಯ ನಮ್ಮ ಲ್ಯಾಬಿಗೆ ಕ್ಲೈಂಟ್ ಕಾಲಿಟ್ಟರೆ ಸಾಕು, ತಪ್ಪದೆ ಹಾಜರ್. ಹಿಂದೆ ನಿಂತ ಮ್ಯಾನೇಜರ್ ಸಾಹೇಬರು "ಕಾಯ್ ಝಾಲಂ?" ಅಂತಾರೆ. ಏನಾಯ್ತು ಅಂತ ಗೊತ್ತಿದ್ದರೆ ನಾನು ಹಾಗೆ ಕೂತಿರುತ್ತಿದ್ದೆನೇ?

ನಮ್ಮದು ಕಾರಿನ ಡ್ಯಾಶ್‌ಬೋರ್ಡ್ ಕೆಲಸ. ರಿವರ್ಸ್ ಗೇರ್ ಹಾಕಿದಾಗ ಕ್ಯಾಮೆರಾ ಚಿತ್ರ ಹೇಳಿದ ಹೊತ್ತಿಗೆ ಬರಲೇಬೇಕು. ಗೋಡೆಗೆ ಗುದ್ದಿದ ಮೇಲೆ ಎಷ್ಟು ಚೆಂದ ಬಂದರೇನು? ಅದಕ್ಕೇ ರಿಯಲ್‌ಟೈಮ್ ಸಿಸ್ಟಮ್, ಅದಕ್ಕೇ ಪ್ರತಿ ಥ್ರೆಡ್‌ಗೂ ಒಂದು ಪ್ರಯಾರಿಟಿ, ಅಂದರೆ ಯಾರ ಸರದಿ ಮೊದಲು ಎಂಬ ದರ್ಜೆ. ನಾನು ಕಲಿತದ್ದು ಕ್ಯೂಎನ್‌ಎಕ್ಸ್ ಎಂಬ ರಿಯಲ್‌ಟೈಮ್ ಸಿಸ್ಟಮ್‌ನಲ್ಲಿ (ಈಗ ಬಳಸುವುದು ಬೇರೆ). ಅಲ್ಲಿ ಪ್ರಯಾರಿಟಿ 0ರಿಂದ 255ರವರೆಗೆ. 0 ಐಡಲ್ ಥ್ರೆಡ್‌ಗೆ. ಬೇರೆ ಯಾರಿಗೂ ಕೆಲಸ ಇಲ್ಲದಾಗ ಓಡುವ ಪಾಪದ ಜೀವ.

ಆದರೆ ಪ್ರಯಾರಿಟಿ ಇನ್ವರ್ಶನ್ ಎಂಬ ಬಗ್ (ಅರ್ಜೆಂಟ್ ಇದ್ದವನು ಅರ್ಜೆಂಟ್ ಇಲ್ಲದವರಿಗಾಗಿ ಕಾಯುವುದು) ನನಗೆ ಸರಿಯಾಗಿ ಅರ್ಥವಾದದ್ದು ಕರ್ವೆನಗರದ ಬಾಡಿಗೆ ಮನೆಯಲ್ಲಿ. ಗೀಜರ್ ಕೆಟ್ಟಿತ್ತು. ಗ್ಯಾಸ್ ಒಲೆಯಲ್ಲಿ ಒಂದೇ ಬರ್ನರ್ ಉರಿಯುತ್ತಿತ್ತು. ಧಾರವಾಡದಿಂದ ಸುಮ್ನೆ ನಾಲ್ಕು ದಿನ ಇರಲು ಬಂದಿದ್ದ ಸೋದರಳಿಯ ಎಲ್ಲರಿಗಿಂತ ಮೊದಲು ಬಚ್ಚಲು ಹೊಕ್ಕ. ಮೈಗೆಲ್ಲ ಸೋಪು ಹಚ್ಚಿಕೊಂಡು "ಮಾಮಾ, ಬಿಸಿನೀರು ಕೊಡ್ರಿ" ಎಂದು ಕೂಗಿದ. ಕಂಪನಿ ಬಸ್ಸು ಹಿಡಿಯಬೇಕಾದವನು ನಾನು. ಅವನಿಗೆ ಯಾವ ಅರ್ಜೆಂಟೂ ಇಲ್ಲ. ಆದರೆ ಚಿಲಕ ಅವನ ಕೈಯಲ್ಲಿ. ನೀರು ಇನ್ನೇನು ಕಾಯಬೇಕು, ಗಣಪತಿ ಮಂಡಳದವರು ವರ್ಗಣಿ (ಚಂದಾ) ಕೇಳಲು ಬಂದರು. ಹುಡುಗನ ನೀರು ಇಳಿಯಿತು, ಚಹಾ ಏರಿತು. ಆ ಚಹಾ ಕುದಿಯುವಷ್ಟರಲ್ಲಿ ಅವರ ಕಾರ್ಯದರ್ಶಿ ಬಂದರು. ಮತ್ತೆ ಚಹಾ. ಅವರ್ಯಾರಿಗೂ ಬಚ್ಚಲು ಬೇಕಿಲ್ಲ, ಯಾರೂ ನನ್ನನ್ನು ತಡೆದೂ ಇಲ್ಲ. ಆದರೂ ನಾನು ಹೆಗಲ ಮೇಲೆ ಟವೆಲ್ ಹಾಕಿಕೊಂಡು ನಿಂತೇ ಇದ್ದೆ. ಬಸ್ಸು ಹೋಯಿತು.

ಇದಕ್ಕೆ ಮದ್ದು ಇದೆ. ನಾನು ಕಾಯುವಷ್ಟು ಹೊತ್ತು ನನ್ನ ದರ್ಜೆ ಸೋದರಳಿಯನಿಗೆ ಸಿಗಬೇಕು. ಚಹಾ ಇಳಿಸಿ ಅವನ ನೀರು ಇಡಬೇಕು. ಅವನು ಚಿಲಕ ತೆಗೆದ ಕೂಡಲೇ ದರ್ಜೆ ವಾಪಸ್. ಪ್ರಯಾರಿಟಿ ಇನ್ಹೆರಿಟೆನ್ಸ್ ಅಂದರೆ ಇದೇ. ಮನೆಯಲ್ಲಿ ಇದನ್ನು ಹೇಳಿ ನೋಡಿದೆ. ಬಂದವರ ಎದುರಿಗೆ ಚಹಾ ಇಳಿಸುವ ಧೈರ್ಯ ಸಿಸ್ಟಮ್‌ನ ಯಜಮಾನನಾದ ಯಾವ ಕರ್ನಲ್‌ಗೂ ಇಲ್ಲ.

1997ರ ಜುಲೈ 4ರಂದು ಮಂಗಳದ ಮೇಲೆ ಇಳಿದ ನಾಸಾದ ಪಾತ್‌ಫೈಂಡರ್‌ಗೂ ಇದೇ ಗತಿ ಆಗಿತ್ತು. ಹವಾಮಾನದ ಮಾಹಿತಿ ಸೇರಿಸುವ ಸಣ್ಣ ಟಾಸ್ಕ್ ಮ್ಯೂಟೆಕ್ಸ್ (ಬಚ್ಚಲ ಚಿಲಕದಂಥದ್ದು, ಒಂದು ಸಲಕ್ಕೆ ಒಬ್ಬರ ಕೈಗೇ) ಹಿಡಿದು ಕೂತಿತ್ತು. ನಡುವಿನ ಟಾಸ್ಕ್ ಅದನ್ನು ಓಡಲು ಬಿಡಲಿಲ್ಲ. ಅರ್ಜೆಂಟ್ ಟಾಸ್ಕ್ ಕಾದೇ ಕಾದಿತು. ಅಲ್ಲೂ ಬಸ್ಸಿನದೇ ಗೋಳು ನೋಡಿ, ಆದರೆ ಮಾಹಿತಿ ಸಾಗಿಸುವ ಡೇಟಾ ಬಸ್ಸು. ಗಡುವು ತಪ್ಪಿದರೆ ನೌಕೆ ತಾನೇ ರೀಸೆಟ್ ಆಗುತ್ತಿತ್ತು. ಇನ್ಹೆರಿಟೆನ್ಸ್ ಸೌಲಭ್ಯ ಅದರಲ್ಲಿ ಇತ್ತು, ಆ ಮ್ಯೂಟೆಕ್ಸ್‌ಗೆ ಮಾತ್ರ ಆಫ್ ಆಗಿತ್ತು. ಭೂಮಿಯಲ್ಲಿ ಕೂತೇ ಆನ್ ಮಾಡಿದರು. ನಮಗೋ ಪಕ್ಕದ ಟೇಬಲ್‌ನ ಬೋರ್ಡ್ ಮಾತು ಕೇಳುವುದಿಲ್ಲ.

ಈ ಸಲದ ಅಪ್‌ಡೇಟ್ ಮಾತ್ರ ಕೆಲಸ ಮಾಡಿತು. ಸ್ಕ್ರೀನ್ ಎಲ್ಲೂ ಸಿಕ್ಕಿಕೊಳ್ಳಲಿಲ್ಲ, ಮ್ಯಾನೇಜರ್ ಬರ್ಫಿ ತರಿಸಿದರು. ಮರುದಿನ ಕ್ಲೈಂಟ್ ಕಡೆಯಿಂದ ಹೊಸ ಬಗ್: ಮೊದಲು ಕಂಪನಿಯ ಲೋಗೋ ತುಂಬ ಹೊತ್ತು ಕಾಣುತ್ತಿತ್ತು, ಈಗ ಮಿಂಚಿ ಮಾಯವಾಗುತ್ತದೆ, ದಯವಿಟ್ಟು ಸರಿಪಡಿಸಿ. ಅದು ನನ್ನ ಹೆಸರಿಗೇ ಬಂದಿದೆ. ಸ್ಕ್ರೀನನ್ನು ಸುಮ್ನೆ ಕಾಯಿಸುವ ಕೋಡ್ ಬರೆಯುತ್ತಿದ್ದೇನೆ.