ಭಾವನ ಬೇಟೆ ಬ್ಯಾಗು

ಜಿಂಕೆ ಬೇಟೆಗೆ ಹೊರಟವನ ಬ್ಯಾಗ್ ನೋಡಿದರೆ ಸಾಕು, ಅವನಿಗೆ ಎಷ್ಟು ಅನುಭವ ಇದೆ ಅಂತ ಹೇಳಿಬಿಡಬಹುದು. ಬ್ಯಾಗ್ ದೊಡ್ಡದಾದಷ್ಟೂ ಅನುಭವ ಕಮ್ಮಿ. ನಮ್ಮ ಭಾವನ ಬ್ಯಾಗ್ ಕಾರಿನ ಡಿಕ್ಕಿಯಲ್ಲಿ ಹಿಡಿಸಲಿಲ್ಲ. ಹಿಂದಿನ ಸೀಟಿನಲ್ಲಿ ಕೂರಿಸಿ ಬೆಲ್ಟ್ ಹಾಕಬೇಕಾಯ್ತು, ಇಲ್ಲದಿದ್ದರೆ ಕಾರು ದಾರಿಯುದ್ದಕ್ಕೂ ಕುಯ್ಯೋ ಅಂತ ಕೂಗುತ್ತಿತ್ತು.

ಮೊದಲೇ ಹೇಳಿಬಿಡುತ್ತೇನೆ, ಇದು ಅಮೆರಿಕದ ವಿಸ್ಕಾನ್ಸಿನ್ ಕಥೆ. ನಮ್ಮೂರು ತೀರ್ಥಹಳ್ಳಿ ಕಡೆ ಈ ಕೆಲಸಕ್ಕೆ ಕೈ ಹಾಕಿದರೆ 1972ರ ವನ್ಯಜೀವಿ ಕಾಯ್ದೆ ಇದೆ, ಜೈಲೂ ಇದೆ. ಹಾಗಾಗಿ ಇದನ್ನು ಓದಿ ಹುಮ್ಮಸ್ಸು ಬಂದು ಯಾರೂ ಅಟ್ಟದ ಮೇಲಿನ ಕೋವಿ ಕೆಳಗಿಳಿಸಬೇಡಿ. ವಿಸ್ಕಾನ್ಸಿನ್‌ನಲ್ಲಿ ಮಾತ್ರ ಇದು ಹಬ್ಬ. ಥ್ಯಾಂಕ್ಸ್‌ಗಿವಿಂಗ್ ಹಬ್ಬದ ಹಿಂದಿನ ಶನಿವಾರ ಶುರುವಾಗಿ 9 ದಿನ ಬಂದೂಕಿನ ಬೇಟೆ. ಆ ವಾರ ಆಫೀಸಿನಲ್ಲಿ ಯಾರನ್ನು ಹುಡುಕಿದರೂ ಕಾಡಿನಲ್ಲಿರುತ್ತಾರೆ. ಅದನ್ನು ವರ್ಷವರ್ಷ ನೋಡಿ ನೋಡಿ ಭಾವನಿಗೂ ಆಸೆ ಹತ್ತಿತು. ಇಲ್ಲಿ 1973ರ ಜನವರಿ 1ರಿಂದ ಈಚೆಗೆ ಹುಟ್ಟಿದವರು ಬೇಟೆ ಸುರಕ್ಷತೆಯ ಕೋರ್ಸ್ ಮಾಡಬೇಕು. ಭಾವ ಮಾಡಿದರು, ಲೈಸೆನ್ಸೂ ತಗೊಂಡರು. ನಾನಿರುವುದು ಹೆಚ್-1ಬಿ ವೀಸಾದ ಮೇಲೆ. ನನ್ನಂಥವರು ಬೇಟೆ ಲೈಸೆನ್ಸ್ ಇಲ್ಲದೆ ಬಂದೂಕು ಇಟ್ಟುಕೊಳ್ಳುವ ಹಾಗಿಲ್ಲ ಅಂತ ಇಲ್ಲಿನ ಕಾನೂನು. ಆದರೆ ಬ್ಯಾಗ್ ಹೊರಬಾರದು ಅಂತ ಯಾವ ಕಾನೂನೂ ಇಲ್ಲವಲ್ಲ. ಭಾವ ಶಿಕಾರಿ, ನಾನು ಹಮಾಲಿ.

ಜಾಗ ಕೊಟ್ಟವರು ಪಕ್ಕದ ಮನೆ ಅಜ್ಜ. ಅವರದೇ ಜಮೀನು, ಅಂಚಿನಲ್ಲಿ ಓಕ್ ಮರಗಳ ಕಾಡು, ಅಲ್ಲಲ್ಲಿ ಏಣಿ ಹಾಕಿ ಕಟ್ಟಿದ ಅಟ್ಟಣೆಗಳು. ನಮ್ಮ ಕಡೆ ಹಿಂದೆ ಮರಸು ಕೂರುತ್ತಿದ್ದರಲ್ಲ, ಅದೇ ಪದ್ಧತಿ, ಏಣಿ ಮಾತ್ರ ಕಬ್ಬಿಣದ್ದು. ಅಜ್ಜನ ಸಾಮಾನು ಇಷ್ಟೇ: ಬಂದೂಕು, ಒಂದು ಚಾಕು, ಹಗ್ಗ, ಟಾರ್ಚು, ಫ್ಲಾಸ್ಕಿನಲ್ಲಿ ಕಾಫಿ, ಒಂದಿಷ್ಟು ಟಾಯ್ಲೆಟ್ ಪೇಪರ್. ಎಲ್ಲ ಸೇರಿ ನಮ್ಮ ಶಾಲೆ ಚೀಲದಷ್ಟೂ ಇರಲಿಲ್ಲ. ಭಾವ ಅದನ್ನು ನೋಡಿ ನನ್ನ ಕಿವಿಯಲ್ಲಿ, "ಪಾಪ, ಹಳೇ ಕಾಲದವರು" ಅಂದರು.

ಬಟ್ಟೆಯಿಂದಲೇ ಶುರು ಮಾಡೋಣ. ವಿಸ್ಕಾನ್ಸಿನ್ ನಿಯಮದ ಪ್ರಕಾರ ಸೊಂಟದಿಂದ ಮೇಲಿನ ಬಟ್ಟೆಯಲ್ಲಿ ಅರ್ಧದಷ್ಟಾದರೂ ಕಣ್ಣು ಕುಕ್ಕುವ ಕಿತ್ತಳೆ ಬಣ್ಣ ಇರಬೇಕು. 2016ರಿಂದ ಹೊಳೆಯುವ ಗುಲಾಬಿಯೂ ಆಗುತ್ತದೆ. ಇನ್ನೊಬ್ಬ ಬೇಟೆಗಾರ ನಿಮ್ಮನ್ನು ಜಿಂಕೆ ಅಂದುಕೊಳ್ಳಬಾರದಲ್ಲ, ಅದಕ್ಕೆ. ಜಿಂಕೆಗೆ ಕಾಣಿಸುವುದಿಲ್ಲವಾ ಅಂದರೆ, ಕಾಣಿಸುತ್ತದೆ, ಆದರೆ ಕಿತ್ತಳೆ ಬಣ್ಣ ಅದರ ಕಣ್ಣಿಗೆ ಮಂಕು. ನೀಲಿ ಮಾತ್ರ ಚೆನ್ನಾಗಿ ಕಾಣಿಸುತ್ತದೆ. ಭಾವ ಮೇಲೆ ಕಿತ್ತಳೆ ಜಾಕೆಟ್, ಕೆಳಗೆ ಹೊಸ ನೀಲಿ ಜೀನ್ಸ್ ಹಾಕಿಕೊಂಡು ರೆಡಿಯಾದರು. ಅಕ್ಕ ಅಡುಗೆಮನೆಯಿಂದ ಇಣುಕಿ, "ಏನ್ರೀ, ಅರ್ಧ ಸನ್ಯಾಸನಾ?" ಅಂದಳು.

ಅದೇ ಅಕ್ಕ ಚಳಿಗೆ ಅಂತ ಊರಿಂದ ತಂದ ಕಂದು ಬಣ್ಣದ ಮಂಕಿ ಕ್ಯಾಪನ್ನು ಭಾವನ ಕಿತ್ತಳೆ ಟೋಪಿ ಮೇಲೆ ಎಳೆದು ಕೂರಿಸಿದಳು. ಟೋಪಿ ಹಾಕಿದರೆ ಅದರ ಹೊರಮೈಯಲ್ಲೂ ಅರ್ಧ ಭಾಗ ಅದೇ ಬಣ್ಣ ಇರಬೇಕು ಅನ್ನುವುದು ನಿಯಮ. ಕಂದು ಬಣ್ಣದ ತಲೆಯೊಂದು ಪೊದೆಯ ಮೇಲೆ ಅಲ್ಲಾಡುವುದನ್ನು ಸುತ್ತಲೂ ಬಂದೂಕು ಹಿಡಿದು ಕೂತವರು ನೋಡಿದರೆ ಏನಾಗಬಹುದು, ನೀವೇ ಯೋಚನೆ ಮಾಡಿ. ಮಂಕಿ ಕ್ಯಾಪ್ ಒಳಗೆ, ಕಿತ್ತಳೆ ಟೋಪಿ ಹೊರಗೆ. ಬ್ಯಾಗಿಗೂ ಇದೇ ಲೆಕ್ಕ. ಬೆನ್ನಿಗೆ ಬ್ಯಾಗ್ ಹಾಕಿದ ತಕ್ಷಣ ಹಿಂದಿನ ಕಿತ್ತಳೆ ಬಣ್ಣವೆಲ್ಲ ಮುಚ್ಚಿಹೋಗುತ್ತದೆ. ಬ್ಯಾಗಿನ ಮೇಲೊಂದು ಕಿತ್ತಳೆ ಬಟ್ಟೆ ಕಟ್ಟಿಕೊಳ್ಳಿ.

ಇನ್ನು ಚಳಿ. ನವೆಂಬರ್ ಕೊನೆಯ ಬೆಳಗಿನ ಜಾವ ಅಂದರೆ ಇಲ್ಲಿ ಸೊನ್ನೆಗಿಂತ ಐದಾರು ಡಿಗ್ರಿ ಕೆಳಗಿರುವುದು ಮಾಮೂಲು. ಭಾವ ಇದ್ದಬದ್ದ ಬಟ್ಟೆಯನ್ನೆಲ್ಲ ಮನೆಯಲ್ಲೇ ಹಾಕಿಕೊಂಡು, ಅದರ ಮೇಲೆ ಮರಕ್ಕೆ ಕಟ್ಟಿಕೊಳ್ಳುವ ಬೆಲ್ಟು, ಕೊರಳಿಗೆ ಬೈನಾಕ್ಯುಲರ್, ಇನ್ನೊಂದು ಕೊರಳ ಹಗ್ಗಕ್ಕೆ ಜಿಂಕೆ ಕೂಗಿನ ಪೀಪಿ, ಸೊಂಟಕ್ಕೆ ಚಾಕುಗಳು, ಹೀಗೆ ಜಂಬೂಸವಾರಿ ಆನೆ ತರಹ ಶೃಂಗಾರವಾಗಿ ಕಾರು ಹತ್ತಿದರು. ಕಾರಿನಲ್ಲಿ ಹೀಟರ್. ಇಳಿದು ಏರು ದಾರಿಯಲ್ಲಿ ಹದಿನೈದು ನಿಮಿಷ ನಡಿಗೆ. ಅಟ್ಟಣೆ ತಲುಪುವಷ್ಟರಲ್ಲಿ ಒಳಗಿನ ಹತ್ತಿ ಬನಿಯನ್ ಹಿಂಡುವ ಹಾಗಿತ್ತು. ಹತ್ತಿ ಬಟ್ಟೆ ಒದ್ದೆಯಾದರೆ ಸುಲಭಕ್ಕೆ ಒಣಗುವುದಿಲ್ಲ, ಮೈ ಶಾಖವನ್ನೆಲ್ಲ ಎಳೆದುಬಿಡುತ್ತದೆ. ಬೆಳಕು ಹರಿಯುವ ಹೊತ್ತಿಗೆ ಭಾವನ ಹಲ್ಲು ಕಟಕಟ ಅನ್ನುತ್ತಿತ್ತು. ಅಜ್ಜ ಮಾತ್ರ ತೆಳು ಉಣ್ಣೆ ಅಂಗಿಯ ಮೇಲೊಂದು ಕಿತ್ತಳೆ ವೆಸ್ಟ್ ಹಾಕಿ ನಡುಗಿಕೊಂಡೇ ನಡೆದಿದ್ದರು. ದಪ್ಪ ಜಾಕೆಟ್ ಬ್ಯಾಗಿಗೆ ಕಟ್ಟಿಕೊಂಡಿದ್ದರು. ಮರದ ಬುಡದಲ್ಲಿ ಎರಡು ನಿಮಿಷ ಸುಮ್ನೆ ನಿಂತು, ಮೈ ತಣಿದ ಮೇಲೆ ಅದನ್ನು ಹಾಕಿಕೊಂಡರು. ನನ್ನ ಕೇಳಿದರೆ ಇಡೀ ಬೇಟೆಯಲ್ಲಿ ಕಲಿಯಬೇಕಾದ್ದು ಇದೊಂದೇ.

ಕೈ ಬೆಚ್ಚಗಿಡುವ ಪೊಟ್ಟಣಗಳು ಸಿಗುತ್ತವೆ, ಒಳ್ಳೆಯ ವಸ್ತು. ಅದರೊಳಗೆ ಕಬ್ಬಿಣದ ಪುಡಿ ಇರುತ್ತದೆ, ಗಾಳಿ ತಾಗಿದರೆ ತುಕ್ಕು ಹಿಡಿಯುತ್ತಾ ಬಿಸಿಯಾಗುತ್ತದೆ. ಗಾಳಿ ತಾಗಬೇಕು, ಅದೇ ಮುಖ್ಯ. ಭಾವ ಬೆವರಿಗೆ ಒದ್ದೆಯಾಗದಿರಲಿ ಅಂತ ಒಂದೊಂದನ್ನೂ ಜಿಪ್ ಇರುವ ಪ್ಲಾಸ್ಟಿಕ್ ಕವರಿಗೆ ಹಾಕಿ, ಗಾಳಿಯನ್ನೆಲ್ಲ ಒತ್ತಿ ತೆಗೆದು, ಜೇಬಿಗೆ ಸೇರಿಸಿದ್ದರು. "ಎಂತ ಮಾರಾಯ, ದುಡ್ಡು ದಂಡ" ಅಂತ ಸಂಜೆವರೆಗೂ ಬೈಯುತ್ತಿದ್ದರು. ಮನೆಗೆ ಬಂದು ಕವರ್ ಬಿಚ್ಚಿ ಕಸದ ಬುಟ್ಟಿಗೆ ಎಸೆದ ಮೇಲೆ ಪೊಟ್ಟಣಗಳು ಬಿಸಿಯಾಗಿ, ರಾತ್ರಿಯೆಲ್ಲ ಕಸದ ಬುಟ್ಟಿ ಬೆಚ್ಚಗಿತ್ತು.

ವಾಸನೆಯದು ದೊಡ್ಡ ಅಧ್ಯಾಯ. ಜಿಂಕೆಯ ಮೂಗಿನ ಮುಂದೆ ನಮ್ಮದು ಲೆಕ್ಕಕ್ಕೇ ಇಲ್ಲ. ಅದಕ್ಕೇ ಇಲ್ಲಿನವರು ಬೇಟೆ ಬಟ್ಟೆಯನ್ನು ವಾಸನೆ ಇಲ್ಲದ ಸೋಪಿನಲ್ಲಿ ಒಗೆದು, ಡಬ್ಬಿಯಲ್ಲಿ ಮುಚ್ಚಿಟ್ಟು, ಕಾಡಿಗೆ ಹೋದ ಮೇಲೇ ಹಾಕಿಕೊಳ್ಳುತ್ತಾರೆ. ಬಟ್ಟೆಗೆ ಹೊಳಪು ಕೊಡುವ ಸೋಪಿನ ಪುಡಿಯನ್ನೂ ಬಳಸುವುದಿಲ್ಲ, ಆ ಹೊಳಪು ಜಿಂಕೆಗೆ ಎದ್ದು ಕಾಣುತ್ತದಂತೆ. ಭಾವನ ಜಾಕೆಟ್ ವಾರದಿಂದ ಗ್ಯಾರೇಜ್ ಬಾಗಿಲ ಹಿಂದಿನ ಮೊಳೆಯಲ್ಲಿ ನೇತಾಡುತ್ತಿತ್ತು. ಆ ಬಾಗಿಲಿಗೂ ಒಲೆಗೂ ನಾಲ್ಕು ಹೆಜ್ಜೆ. ಅಕ್ಕ ಹಾಕುವ ಒಗ್ಗರಣೆ ಎಂಥದ್ದು ಅಂತ ಗೊತ್ತಿದ್ದವರಿಗೆ ಗೊತ್ತು, ಇಂಗು ಎಣ್ಣೆಗೆ ಬಿದ್ದರೆ ಮಹಡಿ ಮೇಲೆ ಮಲಗಿದವರು ಎದ್ದು ಬರುತ್ತಾರೆ. ವಾಸನೆ ತೆಗೆಯುವ ಸ್ಪ್ರೇ ಬಾಟಲಿ ಇಡೀ ಖಾಲಿಯಾಯ್ತು. ಸ್ಪ್ರೇ ಹೋಯ್ತು, ಇಂಗು ಉಳಿಯಿತು.

ಗಾಳಿ ಯಾವ ಕಡೆಗೆ ಅಂತ ನೋಡಲು ಒಂದು ಪುಟ್ಟ ಬಾಟಲಿ ಇರುತ್ತದೆ. ಒತ್ತಿದರೆ ಬುಸ್ ಅಂತ ನುಣುಪು ಪುಡಿ ಹಾರುತ್ತದೆ, ಅದು ತೇಲಿದ ಕಡೆಗೇ ನಮ್ಮ ವಾಸನೆಯೂ ಹೋಗುತ್ತಿದೆ ಅಂತ ಲೆಕ್ಕ. ಜಿಂಕೆ ಬರುವ ದಾರಿ ಆ ಕಡೆಯೇ ಇದ್ದರೆ ಬೇರೆ ಅಟ್ಟಣೆ ನೋಡಿಕೊಳ್ಳಬೇಕು. ಬಾಟಲಿ ಖಾಲಿಯಾಗಿತ್ತು ಅಂತ ಭಾವ ಅದಕ್ಕೆ ಅಕ್ಕನ ಮುಖದ ಪೌಡರ್ ತುಂಬಿಕೊಂಡು ಬಂದಿದ್ದರು. ಒತ್ತಿದರು. ಕಾಡಿಡೀ ಮಲ್ಲಿಗೆ. ಕೆಳಗೆ ನಿಂತಿದ್ದ ಅಜ್ಜ ಎರಡು ಸಲ ಮೂಗೆಳೆದು, ಏನೂ ಹೇಳದೆ ತಮ್ಮ ಅಟ್ಟಣೆ ಕಡೆ ನಡೆದುಬಿಟ್ಟರು.

ಇನ್ನು ಶಬ್ದ. ಮೌನವಾಗಿರುವ ಕಾಡಿನಲ್ಲಿ ವೆಲ್ಕ್ರೋ ಕಿತ್ತರೆ ಪಟಾಕಿ ಹಚ್ಚಿದಷ್ಟೇ ಸದ್ದು. ನೈಲಾನ್ ಬ್ಯಾಗ್ ಕೊಂಬೆಗೆ ಉಜ್ಜಿದರೆ ಸರ್ ಅನ್ನುತ್ತದೆ, ಮೆತ್ತನೆ ಬಟ್ಟೆಯ ಬ್ಯಾಗ್ ವಾಸಿ. ಗಂಡು ಜಿಂಕೆಗಳು ಕೊಂಬಿಗೆ ಕೊಂಬು ಹಾಕಿ ಜಗಳವಾಡುವ ಸದ್ದು ಮಾಡಲು ಕಡ್ಡಿಗಳಿರುವ ಒಂದು ಚೀಲ ಸಿಗುತ್ತದೆ. ಅದನ್ನು ರಬ್ಬರ್ ಬ್ಯಾಂಡ್ ಹಾಕಿ ಬಿಗಿದುಕೊಂಡು ಒಯ್ಯಬೇಕು. ಭಾವ ಹಾಗೇ ಬ್ಯಾಗಿಗೆ ತುರುಕಿದ್ದರು. ಕತ್ತಲಲ್ಲಿ ನಾನು ಇಡುವ ಪ್ರತಿ ಹೆಜ್ಜೆಗೂ ನನ್ನ ಬೆನ್ನ ಮೇಲೆ ಎರಡು ಜಿಂಕೆ ಜಗಳವಾಡುತ್ತಿದ್ದವು.

ಮರ ಹತ್ತುವಾಗ ಬಂದೂಕನ್ನು ಹೆಗಲಿಗೆ ಹಾಕಿ ಹತ್ತುವ ಹಾಗಿಲ್ಲ. ಗುಂಡು ತೆಗೆದಿಟ್ಟು, ನಳಿಕೆ ಕೆಳಮುಖವಾಗಿ ಹಗ್ಗಕ್ಕೆ ಕಟ್ಟಿ, ನಾವು ಮೇಲೆ ಹೋಗಿ ಬೆಲ್ಟು ಬಿಗಿದುಕೊಂಡ ಮೇಲೆ ಎಳೆದುಕೊಳ್ಳಬೇಕು. ಇದರಲ್ಲಿ ಭಾವ ಶಿಸ್ತಿನ ಮನುಷ್ಯ. ಹತ್ತಿದರು, ಬೆಲ್ಟು ಬಿಗಿದರು, ಕೈ ಚಾಚಿ "ಹಗ್ಗ" ಅಂದರು. ಹಗ್ಗ ಬ್ಯಾಗಿನ ತಳದಲ್ಲಿತ್ತು. ಮೇಲಿದ್ದದ್ದು ಮಡಚುವ ಗರಗಸ, ಎರಡನೇ ಟಾರ್ಚು, ಮೂರನೇ ಟಾರ್ಚು, ಕೊಡೆ. ಕೊಡೆ ಯಾಕೆ ಅಂತ ಕೇಳಬೇಡಿ, ನಾವು ಮಲೆನಾಡಿನವರು. ಅದನ್ನೆಲ್ಲ ಹಿಮದ ಮೇಲೆ ಹರವಿ ಹಗ್ಗ ಹುಡುಕಿ, ಬಂದೂಕು ಮೇಲೆ ಕಳಿಸಿ, ಆಮೇಲೆ ಬ್ಯಾಗ್ ಕಟ್ಟಿದೆ. ಅದು ಅರ್ಧ ದಾರಿಯಲ್ಲಿ ಕೊಂಬೆಗೆ ಸಿಕ್ಕಿ, ಬಾಯಿ ತೆರೆದು, ಒಳಗಿದ್ದ ಸ್ಟೀಲ್ ಡಬ್ಬಿ ಏಣಿಯ ಮೆಟ್ಟಿಲು ಮೆಟ್ಟಿಲಿಗೂ ಟಣ್ ಟಣ್ ಅನ್ನುತ್ತಾ ಕೆಳಗಿಳಿಯಿತು. ಪುಳಿಯೋಗರೆ. ಬೇಟೆಗೆ ಕಾನೂನಿನ ಹೊತ್ತು ಸೂರ್ಯ ಹುಟ್ಟುವುದಕ್ಕೆ ಅರ್ಧ ಗಂಟೆ ಮುಂಚೆ ಶುರುವಾಗುತ್ತದೆ. ನಮ್ಮ ಸುತ್ತಮುತ್ತಲಿನ ಜಿಂಕೆಗಳೆಲ್ಲ ಅಷ್ಟರೊಳಗೆ ಪಕ್ಕದ ಜಿಲ್ಲೆಗೆ ಹೋಗಿರಬೇಕು.

ತಿಂಡಿ ವಿಷಯಕ್ಕೆ ಬಂದೆವು, ಒಂದು ಮಾತು ಹೇಳಿಬಿಡುತ್ತೇನೆ. ಚಕ್ಕುಲಿ ಬೇಡ. ಕೋಡುಬಳೆ ಅಂತೂ ಬೇಡವೇ ಬೇಡ. ಬಾಯೊಳಗಿಟ್ಟು ನೆನೆಸಿ ತಿನ್ನುತ್ತೇನೆ ಅಂತ ನಾನು ಎಷ್ಟು ಹೊತ್ತು ಕೂತರೂ ಕೊನೆಗೊಂದು ಸಲ ಕಟುಂ ಅಂದೇ ಅನ್ನುತ್ತದೆ. ಚಪಾತಿಗೆ ಚಟ್ನಿಪುಡಿ ಬೆಣ್ಣೆ ಹಚ್ಚಿ ಸುರುಳಿ ಸುತ್ತಿ ಬಟ್ಟೆಯಲ್ಲಿ ಕಟ್ಟಿಕೊಳ್ಳಿ. ಪರಪರ ಅನ್ನುವ ಪ್ಲಾಸ್ಟಿಕ್ ಬೇಡ.

ಜಿಂಕೆ ಬರಬೇಕಾದರೆ ಎರಡೇ ದಾರಿ ಅಂತ ಅಜ್ಜ ಹೇಳಿದ್ದರು, ಒಂದೋ ಫ್ಲಾಸ್ಕ್ ಮುಚ್ಚಳ ತೆಗೆಯಬೇಕು, ಇಲ್ಲಾ ಪ್ಯಾಂಟಿನ ಜಿಪ್ ತೆಗೆಯಬೇಕು. ಭಾವ ಮೊದಲನೆಯದನ್ನು ಮೂರ್ನಾಲ್ಕು ಸಲ ಮಾಡಿದ್ದರಿಂದ ಎರಡನೆಯದು ಅನಿವಾರ್ಯವಾಯ್ತು. ಮೇಲೆ ಬೆಲ್ಟು, ಅದರ ಕೆಳಗೆ ಜಾಕೆಟ್, ಅದರ ಕೆಳಗೆ ಇನ್ನೊಂದು, ಜೀನ್ಸ್, ಅದರೊಳಗೆ ಉಣ್ಣೆ ಪ್ಯಾಂಟು, ಕೈಯಲ್ಲಿ ಖಾಲಿ ಬಾಟಲಿ. ಆ ಹೊತ್ತಿಗೆ ಸರಿಯಾಗಿ ಮೂವತ್ತು ಗಜ ದೂರದಲ್ಲಿ ಒಂದು ಗಂಡು ಜಿಂಕೆ ಬಂದು ನಿಂತಿತು. ಒಳ್ಳೆ ಕೊಂಬು. ನಮ್ಮನ್ನೇ ನೋಡಿತು. ಭಾವ ಅಲ್ಲಾಡಲಿಲ್ಲ, ಅಲ್ಲಾಡುವ ಸ್ಥಿತಿಯಲ್ಲೂ ಇರಲಿಲ್ಲ. ಅದು ಮೂಗೆತ್ತಿ ಗಾಳಿ ಹೀರಿ, ಇಂಗೋ ಮಲ್ಲಿಗೆಯೋ ಏನು ಸಿಕ್ಕಿತೋ, ಬಿಳಿ ಬಾಲ ಎತ್ತಿಕೊಂಡು ಅಜ್ಜನ ಅಟ್ಟಣೆ ಕಡೆಗೆ ಓಡಿತು. ಸ್ವಲ್ಪ ಹೊತ್ತಿಗೆ ಆ ಕಡೆಯಿಂದ ಒಂದೇ ಒಂದು ಗುಂಡಿನ ಸದ್ದು.

ಹೊರುವ ಕೆಲಸ ನಿಜವಾಗಿ ಶುರುವಾಗುವುದು ಅಲ್ಲಿಂದ. ಇಷ್ಟು ದೊಡ್ಡ ಗಂಡು ಅಂದರೆ 70-80 ಕೆಜಿ, ಕರುಳೆಲ್ಲ ತೆಗೆದ ಮೇಲೂ 55-60. ಭಾವ ಹುಮ್ಮಸ್ಸಿನಲ್ಲಿ "ಹೆಗಲ ಮೇಲೆ ಹಾಕ್ಕೊಂಡು ಬರ್ತೀನಿ" ಅಂದರು. ಅಜ್ಜ ಗದರಿದರು. ಸುತ್ತ ಬಂದೂಕುಗಳಿರುವಾಗ ಜಿಂಕೆ ತಲೆಯನ್ನು ಹೆಗಲ ಮೇಲಿಟ್ಟುಕೊಂಡು ಪೊದೆಯಲ್ಲಿ ನಡೆಯುವುದಕ್ಕಿಂತ ಪೆದ್ದು ಕೆಲಸ ಇನ್ನೊಂದಿಲ್ಲ. ಮಕ್ಕಳು ಹಿಮದಲ್ಲಿ ಜಾರುವ ಪ್ಲಾಸ್ಟಿಕ್ ಸ್ಲೆಡ್ ಮೇಲೆ ಮಲಗಿಸಿ, ಕೊಂಬಿಗೊಂದು ಕಿತ್ತಳೆ ಬಟ್ಟೆ ಕಟ್ಟಿ, ಹಗ್ಗ ಹಾಕಿ ಎಳೆದೆವು. ಭಾವನ ಐದು ಚಾಕುಗಳಲ್ಲಿ ಒಂದೂ ಬೇಕಾಗಲಿಲ್ಲ, ಅಜ್ಜನ ಬೆರಳುದ್ದದ ಚಾಕುವೇ ಎಲ್ಲ ಮುಗಿಸಿತ್ತು. ಭಾವನ ಬ್ಯಾಗಿನಿಂದ ಉಪಯೋಗಕ್ಕೆ ಬಂದದ್ದು ಹಗ್ಗ. ಅಜ್ಜನದು ಸ್ವಲ್ಪ ಗಿಡ್ಡವಾಗಿತ್ತು. ಅದನ್ನೇ ಭಾವ ಈಗಲೂ ಹೇಳಿಕೊಳ್ಳುತ್ತಾರೆ.

ಹೊಡೆದ ಜಿಂಕೆಯನ್ನು ಮರುದಿನ ಸಂಜೆ 5ರೊಳಗೆ ನೋಂದಾಯಿಸಬೇಕು, ಫೋನಿನಲ್ಲೇ ಆಗುತ್ತದೆ. ಆದರೆ ಚಳಿಗೆ ಬ್ಯಾಟರಿ ಬೇಗ ಮಲಗಿಬಿಡುತ್ತದೆ. ಹೊರಜೇಬಿನಲ್ಲಿದ್ದ ನಮ್ಮಿಬ್ಬರ ಫೋನೂ ಸತ್ತಿತ್ತು, ಅಂಗಿಯೊಳಗೆ ಎದೆಗೆ ಒತ್ತಿಟ್ಟುಕೊಂಡಿದ್ದ ಅಜ್ಜನ ಹಳೇ ಫೋನ್ ಬದುಕಿತ್ತು. ಇನ್ನೊಂದು ಕೆಲಸ ಇದೆ. 2002ರಲ್ಲಿ ಈ ರಾಜ್ಯದ ಜಿಂಕೆಗಳಲ್ಲಿ ಮೆದುಳು ಹಾಳುಮಾಡುವ ಒಂದು ರೋಗ ಪತ್ತೆಯಾಯ್ತು. ಅದಕ್ಕೆ ತಲೆಯನ್ನು ಪರೀಕ್ಷೆಗೆ ಕೊಟ್ಟು, ಫಲಿತಾಂಶ ಬರುವವರೆಗೆ ಮಾಂಸ ತಿನ್ನದೆ ಇಡುವುದು ಒಳ್ಳೆಯದು.

ಅಜ್ಜ ನಮಗೂ ಒಂದು ಪಾಲು ಕೊಟ್ಟರು. ಅದು ಅಕ್ಕನ ಫ್ರೀಜರಿಗೆ ಹೋಯ್ತು. ಅಲ್ಲಿ ಆಗಲೇ ತೆಂಗಿನ ತುರಿ, ಹಲಸಿನ ತೊಳೆ, ಅವರೆಕಾಳು ಎಲ್ಲ ಒಂದೇ ಥರದ ಬಿಳಿ ಕವರಿನಲ್ಲಿ ಹೆಪ್ಪುಗಟ್ಟಿ ಕೂತಿವೆ. ಅಕ್ಕ ಮಾರ್ಕರ್ ತಂದು ಮಾಂಸದ ಕವರಿನ ಮೇಲೆ ತಾರೀಖು ಬರೆದಳು, ಕೆಳಗೆ ದಪ್ಪ ಅಕ್ಷರದಲ್ಲಿ "ರಿಸಲ್ಟ್ ಬಂದಿಲ್ಲ, ತೆಂಗಿನಕಾಯಿ ಅಲ್ಲ" ಅಂತ ಸೇರಿಸಿದಳು.