ಸಹಾಯಕ್ಕೆ ಬಂದ 23 ಮಂದಿ

ಕಲಬುರಗಿ ಜಿಲ್ಲೆಯ ಸೇಡಂ ತಾಲ್ಲೂಕಿನ ಒಂದು ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯಲ್ಲಿ ಆರು ಮತ್ತು ಏಳನೇ ತರಗತಿಗಳಿಗೆ ಇಂಗ್ಲಿಷ್ ಕಲಿಸುವ ನಾನು, ಕಳೆದ ಜುಲೈ ತಿಂಗಳಲ್ಲಿ ಹೆಲ್ಪಿಂಗ್ ವರ್ಬ್ ಎಂಬ ಪಾಠವನ್ನು ಎರಡೇ ಪೀರಿಯಡ್‌ನಲ್ಲಿ ಮುಗಿಸುವುದಾಗಿ ಪಾಠ ಯೋಜನೆಯಲ್ಲಿ ಬರೆದಿದ್ದೆ. ಅದು ಮುಗಿದದ್ದು ದಸರಾ ರಜೆಯ ಹಿಂದಿನ ದಿನ. ಮುಗಿಯಿತು ಎಂಬುದೂ ಪಾಠ ಯೋಜನೆಯ ಪುಸ್ತಕದಲ್ಲಿ ಮಾತ್ರ.

ಮೊದಲ ದಿನ ಎಲ್ಲವೂ ಸೊಗಸಾಗಿತ್ತು. ‘ಬಿ’ ಮನೆತನದ 8, ‘ಹ್ಯಾವ್’ ಮನೆತನದ 3, ‘ಡು’ ಮನೆತನದ 3, ‘ವಿಲ್’, ‘ಕ್ಯಾನ್’ ಮುಂತಾದವು 9, ಒಟ್ಟು 23 ಸಹಾಯಕ ಕ್ರಿಯಾಪದಗಳನ್ನು ಹಲಗೆಯ ಮೇಲೆ ಬರೆದು ಓದಿಸಿದೆ. ಮಕ್ಕಳು ಅವುಗಳನ್ನು ಹದಿನೇಳರ ಮಗ್ಗಿಯ ರಾಗದಲ್ಲಿ ಹಾಡತೊಡಗಿದಾಗ ಪಕ್ಕದ ಕೊಠಡಿಯ ಗಣಿತದ ಸರ್ ಬಾಗಿಲಿಗೆ ಬಂದು, ಇದು ಯಾವ ಮಗ್ಗಿ ಎಂದು ವಿಚಾರಿಸಿ ಹೋದರು. ಹಿಗ್ಗಿನಿಂದ ನಾನು ಒಬ್ಬ ಹುಡುಗನನ್ನು ಎಬ್ಬಿಸಿ, ಬದಿಗೆ ಕೂತ ಗೆಳೆಯನನ್ನು ಇಂಗ್ಲಿಷಿನಲ್ಲಿ ಪರಿಚಯಿಸು ಎಂದೆ. ಅವನು ಎದೆಯುಬ್ಬಿಸಿ, ‘ಹಿ ಮೈ ಫ್ರೆಂಡ್’ ಎಂದ. ಮನೆಯಲ್ಲಿ 23 ಮಂದಿ ಆಳುಗಳಿದ್ದೂ ಕುಡಿಯಲು ನೀರು ಕೊಡುವವರಿಲ್ಲದ ಸ್ಥಿತಿ ಇದು. ತಪ್ಪು ಅವನದಲ್ಲ. ‘ಇವ ನನ್ನ ಗೆಳೆಯ’ ಎಂಬ ಕನ್ನಡ ವಾಕ್ಯದಲ್ಲಿ ಕ್ರಿಯಾಪದವೇ ಇಲ್ಲ, ಅದಿಲ್ಲದೆಯೂ ಗೆಳೆತನಕ್ಕೆ ಈವರೆಗೆ ಯಾವ ಕೊರತೆಯೂ ಬಂದಿಲ್ಲ.

ನಾನು ಬೈದೆ, ಬೈದದ್ದರ ಫಲ ಮರುದಿನ ಸಿಕ್ಕಿತು. ‘ಐ ಆ್ಯಮ್ ಗೋ’, ‘ವಿ ಆರ್ ಹ್ಯಾವ್ ಫೋರ್ ಗೋಟ್ಸ್’ ಎಂದು ಸಹಾಯಕರು ಕರೆಯದ ಮನೆಗೂ ನುಗ್ಗಿದ್ದರು. ಜಾಣ ಹುಡುಗಿಯೊಬ್ಬಳು ‘ಹಿ ಈಸ್ ಮೈ ಬ್ರದರ್ ಈಸ್’ ಎಂದು ಬರೆದಿದ್ದಳು. ಎರಡು ‘ಈಸ್’ ಯಾಕಮ್ಮ ಎಂದು ಕೇಳಿದರೆ, “ಕನ್ನಡದಾಗ ಹಿಂದ ಬರ್ತದ, ಇಂಗ್ಲಿಷ್‌ದಾಗ ಮುಂದ ಬರ್ತದ ಅಂತ ನೀವೇ ಹೇಳಿದ್ರಲ್ರಿ ಸರ್. ಎರಡೂ ಕಡಿ ಇಟ್ಟೀನಿ, ಬ್ಯಾಡಾದದ್ದು ನೀವೇ ಹೊಡದು ಹಾಕ್ರಿ” ಎಂದಳು.

ಕನ್ನಡದ ಸಹಾಯಕ ಕ್ರಿಯಾಪದವನ್ನೇ ಹಿಡಿದು ಪಾಠ ಮಾಡಿದರೆ ದಾರಿ ಸುಲಭವಾದೀತೆಂದು ನನಗೆ ಹೊಳೆಯಿತು. ನಮ್ಮ ಕಡೆಯ ‘ತಿನ್ಲಾಕತ್ತೀನಿ’ ಎಂಬ ಮಾತನ್ನು ಬಿಡಿಸಿದರೆ ‘ತಿನ್ನಲಿಕ್ಕೆ ಹತ್ತಿದ್ದೇನೆ’ ಎಂದಾಗುತ್ತದೆ; ಇಲ್ಲಿ ‘ತಿನ್ನು’ ಮುಖ್ಯ, ‘ಹತ್ತು’ ಸಹಾಯಕ ಎಂದು ವಿವರಿಸಿದೆ. ನಾನು ಇಂಗ್ಲಿಷಿಗೆ ಬರುವ ಮೊದಲೇ ಹಿಂದಿನ ಸಾಲಿನವನು, “ಐ ಈಟಿಂಗ್ ಟೆನ್” ಎಂದುಬಿಟ್ಟ. ಅವನ ಪಕ್ಕದವನಿಗೆ ಸಿಟ್ಟು ಬಂತು. “ಟೆನ್ ಅಲ್ಲಲೇ, ಗಿಡಾ ಹತ್ತೋದು! ಐ ಈಟಿಂಗ್ ಕ್ಲೈಂಬ್” ಎಂದು ತಿದ್ದಿದ. ಅರ್ಧ ತರಗತಿ ಹತ್ತರ ಕಡೆ, ಇನ್ನರ್ಧ ಗಿಡದ ಕಡೆ ನಿಂತಿತು. ‘ಆ್ಯಮ್’ ಕಡೆ ನಾನೊಬ್ಬನೇ ಇದ್ದೆ.

ಕೊನೆಗೆ ನಾನು ಮೊರೆ ಹೋದದ್ದು ಅಡುಗೆ ಕೋಣೆಗೆ. 2002ರಲ್ಲಿ ಬಿಸಿಯೂಟ ಮೊದಲು ಆರಂಭವಾದದ್ದೇ ನಮ್ಮ ಭಾಗದ ಜಿಲ್ಲೆಗಳಲ್ಲಿ. ಹೀಗಾಗಿ ಹುಟ್ಟುವ ಮೊದಲಿನಿಂದಲೂ ಇರುವ ಆ ಒಲೆಯ ಉದಾಹರಣೆ ಮಕ್ಕಳಿಗೆ ತಿಳಿಯದೆ ಇರುವುದಿಲ್ಲ ಎಂಬುದು ನನ್ನ ಲೆಕ್ಕಾಚಾರ. ನಮ್ಮಲ್ಲಿ ಮುಖ್ಯ ಅಡುಗೆಯವರನ್ನು ಮಕ್ಕಳು ದೊಡ್ಡಾಯಿ ಎಂದೂ ಸಹಾಯಕಿಯನ್ನು ಸಣ್ಣಾಯಿ ಎಂದೂ ಕರೆಯುತ್ತಾರೆ. ಅನ್ನ ಸಾರು ಮಾಡುವವಳು ದೊಡ್ಡಾಯಿ, ಅಂದರೆ ಮೇನ್ ವರ್ಬ್. ಬೇಳೆ ಆರಿಸಿ ಕಾಯಿಪಲ್ಲೆ ಹೆಚ್ಚಿಕೊಡುವವಳು ಸಣ್ಣಾಯಿ, ಅಂದರೆ ಹೆಲ್ಪಿಂಗ್ ವರ್ಬ್. ಸಣ್ಣಾಯಿ ಒಬ್ಬಳೇ ಎಂದೂ ಅಡುಗೆ ಮಾಡುವುದಿಲ್ಲ ಎಂದು ಹಲಗೆಯ ಮೇಲೆ ದೊಡ್ಡದಾಗಿ ಬರೆದೆ.

“ನಿನ್ನಿ ದೊಡ್ಡಾಯಿ ಮದುವಿಗಿ ಹೋಗಿದ್ಳರಿ ಸರ್. ಸಾರು ಸಣ್ಣಾಯಿನೇ ಮಾಡಿದ್ಳು. ನೀವು ಎರಡು ಸಲ ಹಾಕ್ಸ್ಕೊಂಡ್ರಿ.”

ನಾನು ಕೈಯಲ್ಲಿದ್ದ ಪೆನ್ನನ್ನು ನೋಡಿದೆ. ‘ಐ ಹ್ಯಾವ್ ಎ ಪೆನ್’ ಎಂಬಲ್ಲಿ ‘ಹ್ಯಾವ್’ ಯಾರಿಗೂ ಸಹಾಯ ಮಾಡುತ್ತಿಲ್ಲ, ತಾನೇ ಒಲೆಯ ಮುಂದೆ ಕೂತಿದೆ. ‘ಬಿ’, ‘ಹ್ಯಾವ್’, ‘ಡು’ ಈ ಮೂರು ಮನೆತನದವರು ದೊಡ್ಡಾಯಿ ಇಲ್ಲದ ದಿನ ಸೌಟು ಹಿಡಿಯುತ್ತಾರೆ, ‘ಕ್ಯಾನ್’, ‘ಮಸ್ಟ್’ ಮುಂತಾದ ಉಳಿದ 9 ಮಂದಿ ಹಿಡಿಯುವುದಿಲ್ಲ ಎಂಬ ನಿಯಮವನ್ನು ಹನ್ನೊಂದು ವರ್ಷದ ಹುಡುಗ ಸಾರಿನ ರುಚಿಯಿಂದಲೇ ಕಂಡುಹಿಡಿದಿದ್ದ. ಹಲಗೆಯನ್ನು ಒರೆಸುವಷ್ಟರಲ್ಲಿ ಸಣ್ಣಾಯಿಯೇ ಹಾಲಿನ ಕೊಡ ಹಿಡಿದು ಬಾಗಿಲಲ್ಲಿ ನಿಂತಿದ್ದಳು. “ನನಗ ಅಡುಗಿ ಬರಲ್ಲಂತ ಬೋರ್ಡಿನ ಮ್ಯಾಲ ಬರದೀರೇನ್ರಿ ಸರ್?” ಎಂದು ಕೇಳಿದಳು. ವ್ಯಾಕರಣದ ಮಾತು ಎಂದು ನಾನು ಹೇಳಿದ್ದನ್ನು ಅವಳು ನಂಬಲಿಲ್ಲ. ಮುಂದಿನ ಒಂದು ವಾರ ನನ್ನ ತಾಟಿಗೆ ಬಿದ್ದ ಸಾರಿನಲ್ಲಿ ತೊಗರಿ ಬೇಳೆ ಇರಲಿಲ್ಲ. ತೊಗರಿಯ ಕಣಜವೆಂದು ಹೆಸರಾದ ಜಿಲ್ಲೆಯಲ್ಲಿ ಇದು ಸಣ್ಣ ಶಿಕ್ಷೆಯಲ್ಲ.

ಪ್ರಶ್ನಾವಾಕ್ಯದ ಕಥೆಯನ್ನು ಚಿಕ್ಕದಾಗಿ ಹೇಳುತ್ತೇನೆ. ‘ಹಿ ಕಮ್ಸ್’ ಎಂಬುದು ‘ಡಸ್ ಹಿ ಕಮ್’ ಆಗುವಾಗ ‘ಕಮ್ಸ್’ ತನ್ನ ಎಸ್ ಅನ್ನು ಬಿಟ್ಟುಕೊಡುವುದನ್ನು ತೋರಿಸಲು ರಟ್ಟಿನ ಮೇಲೆ ‘ಕಮ್’ ಎಂದು ಬರೆದು, ಎಸ್ ಚೀಟಿಯನ್ನು ಅನ್ನದ ಅಗುಳಿನಿಂದ ಅಂಟಿಸಿ, ನಾಲ್ಕು ಮಕ್ಕಳನ್ನು ಶಹಾಬಾದ್ ಕಲ್ಲಿನ ನೆಲದ ಮೇಲೆ ಸಾಲಾಗಿ ನಿಲ್ಲಿಸಿದೆ. ‘ಡಸ್’ ಆದ ಹುಡುಗ ಓಡಿಬಂದು ಚೀಟಿಯನ್ನು ಕಿತ್ತ ರಭಸಕ್ಕೆ ರಟ್ಟು ಹರಿದು, ‘ಕಮ್’ ಆದವಳು ಅಳತೊಡಗಿದಳು. “ಸಹಾಯ ಮಾಡ್ಲಾಕ ಬಂದು ಕಳವು ಮಾಡ್ಯಾನ್ರಿ” ಎಂಬ ಅವಳ ದೂರಿಗೆ ನನ್ನ ಬಳಿ ಉತ್ತರವಿರಲಿಲ್ಲ.

ರಜೆಯ ಹಿಂದಿನ ದಿನ ಕಿರು ಉತ್ತರಗಳನ್ನು ಕಲಿಸಿದೆ. ‘ಡಿಡ್ ಯು ಈಟ್?’ ಎಂದು ಕೇಳಿದವರಿಗೆ ‘ಯೆಸ್, ಐ ಡಿಡ್’ ಎಂದರೆ ಸಾಕು, ಬಾಗಿಲಿಗೆ ಸಣ್ಣಾಯಿ ಬಂದರೆ ದೊಡ್ಡಾಯಿ ಒಳಗಿದ್ದಾಳೆಂದೇ ತಿಳಿಯಬೇಕು ಎಂದು ಈ ಸಲ ಧ್ವನಿ ತಗ್ಗಿಸಿ ಹೇಳಿದೆ. ಆಮೇಲೆ ಆ ಹಿಂದಿನ ಸಾಲಿನವನನ್ನೇ ಎಬ್ಬಿಸಿ, ‘ಡಿಡ್ ಯು ರೈಟ್ ಯುವರ್ ಹೋಂವರ್ಕ್?’ ಎಂದು ಕೇಳಿದೆ. ‘ಯೆಸ್ ಸರ್, ಐ ಡಿಡ್’ ಎಂದು ಒಂದೂ ತಪ್ಪಿಲ್ಲದೆ ಉತ್ತರಿಸಿದ. ನನ್ನ ಕಣ್ಣು ತುಂಬಿ ಬಂತು. ನೋಟ್‌ಬುಕ್ ತರಿಸಿ ತೆರೆದರೆ ಪುಟದ ಮೇಲೆ ತಾರೀಖಿನ ಹೊರತು ಒಂದಕ್ಷರವೂ ಇರಲಿಲ್ಲ.

“ಡಿಡ್ ಅಷ್ಟೇ ಬಂದದ್ರಿ ಸರ್, ರೈಟ್ ಇನ್ನೂ ಬಂದಿಲ್ರಿ. ದೊಡ್ಡಾಯಿ ಮದುವಿಗಿ ಹೋಗ್ಯಾಳ” ಎಂದ.