ಹದ್ದಿಗೂ ಒಂದು ಸುತ್ತೋಲೆ

ಏರೋ ಇಂಡಿಯಾ ವೈಮಾನಿಕ ಪ್ರದರ್ಶನ ಹತ್ತಿರ ಬಂತೆಂದರೆ ಯಲಹಂಕದ ಕಬಾಬ್ ಅಂಗಡಿಯವರಿಗೆ ನಡುಕ. 2023ರಲ್ಲಿ ವಾಯುನೆಲೆಯ ಸುತ್ತ 10 ಕಿ.ಮೀ. ಒಳಗೆ ಮಾಂಸ ಮಾರುವಂತಿಲ್ಲ, ಹೋಟೆಲಿನಲ್ಲಿ ಬಡಿಸುವಂತೆಯೂ ಇಲ್ಲ ಎಂದು ಬಿಬಿಎಂಪಿ ಆದೇಶಿಸಿತು; ಮಾಂಸಕ್ಕೆ ಹದ್ದು ಬಂದು ವಿಮಾನಕ್ಕೆ ಬಡಿದೀತು ಎಂಬ ಭಯ. 2025ರಲ್ಲಿ ಅದು 13 ಕಿ.ಮೀ. ಆಯಿತು. ಎರಡೇ ವರ್ಷಕ್ಕೆ ಹದ್ದಿನ ಕಣ್ಣು ಮೂರು ಕಿ.ಮೀ. ಚುರುಕಾಗಿತ್ತು ಅಂತ ಕಾಣುತ್ತೆ. ಪ್ರದರ್ಶನ ಐದು ದಿನ, ನಿಷೇಧ ಜನವರಿ 23ರಿಂದ ಫೆಬ್ರುವರಿ 17ರವರೆಗೆ.

ಇದಕ್ಕೆಲ್ಲ ಆಧಾರ 1937ರ ವಿಮಾನ ನಿಯಮಾವಳಿಯ 91ನೇ ನಿಯಮ. ವಿಮಾನ ನಿಲ್ದಾಣದ 10 ಕಿ.ಮೀ. ಒಳಗೆ ಹಕ್ಕಿಗಳನ್ನು ಸೆಳೆಯುವಂತೆ ಪ್ರಾಣಿ ಕಡಿಯಬಾರದು, ಚರ್ಮ ಸುಲಿಯಬಾರದು, ಕಸ ಸುರಿಯಬಾರದು ಎನ್ನುತ್ತದೆ ಅದು. ವರ್ಷವಿಡೀ, ಪ್ರಯಾಣಿಕರ ವಿಮಾನಕ್ಕೂ ಸೇರಿ. ದಮ್ ಕಟ್ಟಿದ ಬಿರಿಯಾನಿಯ ಸುದ್ದಿ ಅದರಲ್ಲಿಲ್ಲ. ಹದ್ದು ಮೆನು ಕಾರ್ಡ್ ಓದಿ ಇಳಿಯುವ ಗಿರಾಕಿಯೂ ಅಲ್ಲ. ಬಯಲಲ್ಲಿ ಬಿದ್ದ ಕರುಳು, ಸತ್ತ ಇಲಿ, ಕೊಳೆತ ಕಸದ ರಾಶಿ, ಅದರ ಊಟ ಅಲ್ಲಿ.

ಅಪಾಯವೇನೂ ಸುಳ್ಳಲ್ಲ. ಜೆಟ್ ವಿಮಾನ ನೆಲ ಬಿಡುವಾಗ ವೇಗ ಗಂಟೆಗೆ ಸುಮಾರು 260 ಕಿ.ಮೀ., ಎಂಜಿನ್ ಹೆಚ್ಚುಕಡಿಮೆ ಪೂರ್ತಿ ಶಕ್ತಿಯಲ್ಲಿರುತ್ತದೆ. ಮುಕ್ಕಾಲು ಕೆ.ಜಿ. ಹದ್ದು ಒಳಗೆ ಹೋದರೂ ಫ್ಯಾನ್ ಬ್ಲೇಡ್ ಬಾಗಬಹುದು. ಗಾಳಿಯ ಹರಿವು ಕೆಟ್ಟರೆ ಕಂಪ್ರೆಸರ್ ಢಬ್ ಢಬ್ ಎಂದು ಬಡಿದು, ಎಂಜಿನ್ ಹಿಂದಿನಿಂದ ಬೆಂಕಿ ಉಗುಳುತ್ತದೆ. ವಿ-1 ಎಂಬ ವೇಗಕ್ಕೆ ಮೊದಲಾದರೆ ಪೈಲಟ್ ಬ್ರೇಕ್ ಹಾಕಬಹುದು. ದಾಟಿದ ಮೇಲೆ ನಿಲ್ಲಿಸಲು ರನ್‌ವೇ ಸಾಲದು, ಉಳಿದೊಂದು ಎಂಜಿನ್ನಿನಲ್ಲೇ ಏರಿ, ಸುತ್ತಿ ಬಂದು ಇಳಿಯಬೇಕು. 2022ರ ಜೂನ್ 19ರಂದು ಪಟ್ನಾದಿಂದ ದೆಹಲಿಗೆ ಹೊರಟ ಸ್ಪೈಸ್‌ಜೆಟ್ ಬೋಯಿಂಗ್ 737 ಹಾಗೆಯೇ ಇಳಿಯಿತು, 185 ಪ್ರಯಾಣಿಕರ ಸಮೇತ. ಪಾಪ, ಪಟ್ನಾದಲ್ಲಿ ಅಂದು ವೈಮಾನಿಕ ಪ್ರದರ್ಶನ ಇರಲಿಲ್ಲ.

ಇನ್ನೊಂದು ತಮಾಷೆ ಕೇಳಿ. ಹೊಸ ಎಂಜಿನ್‌ಗೆ ಪ್ರಮಾಣಪತ್ರ ಕೊಡುವ ಮುನ್ನ ಗಾಳಿ ತುಂಬಿದ ತೋಪಿನಿಂದ ಸತ್ತ ಹಕ್ಕಿಗಳನ್ನು, ಕೋಳಿಯನ್ನೂ, ಓಡುತ್ತಿರುವ ಎಂಜಿನ್ನಿನ ಬಾಯಿಗೆ ಹೊಡೆಯುತ್ತಾರೆ. ಬಾಯಿಯ ಅಳತೆಗೆ ತಕ್ಕಂತೆ ದೊಡ್ಡ ಹಕ್ಕಿಯ ತೂಕ 1.85 ಕೆ.ಜಿ.ಯಿಂದ 3.65 ಕೆ.ಜಿ. ನುಂಗಿದ ಮೇಲೆ ಎಂಜಿನ್ ಕೆಟ್ಟರೂ ಪರವಾಗಿಲ್ಲ, ಚೂರುಗಳು ಕವಚ ಸೀಳಿಕೊಂಡು ಹೊರಬರಬಾರದು. ಅಂತೂ ಕೋಳಿ ತಿನ್ನಲು ಎಂಜಿನ್‌ಗೆ ಸರ್ಟಿಫಿಕೇಟ್ ಇದೆ, ಯಲಹಂಕದವರಿಗೆ ಇಲ್ಲ.

ನಿಜವಾಗಿ ಕೆಲಸಕ್ಕೆ ಬರುವುದು ಬೇಸರದ ಕೆಲಸಗಳು: ರನ್‌ವೇ ಬದಿಯ ಹುಲ್ಲಿನ ಎತ್ತರ ಕಾಯುವುದು, ನಿಂತ ನೀರು ಬಸಿಯುವುದು, ಮಳೆ ಬಿದ್ದು ಹುಳ ಎದ್ದಾಗ ಮೈಯೆಲ್ಲ ಕಣ್ಣಾಗಿರುವುದು. ಹಕ್ಕಿ ಬೆದರಿಸುವ ಗ್ಯಾಸ್ ತೋಪು ಒಂದೇ ಜಾಗದಲ್ಲಿ, ಒಂದೇ ಹೊತ್ತಿಗೆ ಢಂ ಎನ್ನುತ್ತಿದ್ದರೆ ಹಕ್ಕಿಗಳಿಗೂ ಅದು ಅಭ್ಯಾಸವಾಗಿಬಿಡುತ್ತದೆ. ಇನ್ನು ಕಸ. ನಗರದ ಕಸ ವರ್ಷಗಟ್ಟಲೆ ಹೋಗಿ ಬಿದ್ದದ್ದು ಊರಿನ ಉತ್ತರಕ್ಕಿರುವ ಮಿಟ್ಟಗಾನಹಳ್ಳಿ ಕ್ವಾರಿಗೆ. ದಿನವೂ ವಿಮಾನ ಏರುವ ದೇವನಹಳ್ಳಿಯ ನಿಲ್ದಾಣ ಇರುವುದೂ ಊರಿನ ಉತ್ತರಕ್ಕೇ. ಆ ಪ್ರಯಾಣಿಕರದೇನೂ ಪ್ರದರ್ಶನ ಅಲ್ಲವಲ್ಲ, ಅವರಿಗೋಸ್ಕರ ಕಸದ ಲಾರಿ ನಿಲ್ಲಿಸುವವರು ಯಾರು?